ಕಾಕನಕೋಟೆಯ ದಾರಿಯಲ್ಲಿ ಕಾಫಿ ಯಂತ್ರದ ಲೆಕ್ಕ

ಮೈಸೂರಿನಿಂದ ಹೆಗ್ಗಡದೇವನಕೋಟೆಯ ಮೇಲೆ ಮಾನಂದವಾಡಿಗೆ ಹೋಗುವ ರಸ್ತೆ ಅಂತರಸಂತೆ ದಾಟಿದ ಮೇಲೆ ಬೇರೆಯೇ ರಸ್ತೆಯಾಗುತ್ತದೆ. ಅಲ್ಲಿಯವರೆಗೆ ರಾಗಿ, ಹತ್ತಿ, ಹೊಗೆಸೊಪ್ಪಿನ ಹೊಲಗಳು. ಸಂತೆಗೆ ಹೊರಟ ಎತ್ತುಗಳು, ಬೈಕಿನ ಮೇಲೆ ಮೂವರು, ರಸ್ತೆಯ ಮೇಲೇ ಒಣಹಾಕಿದ ಹುರುಳಿ. ಆಮೇಲೆ ಇದ್ದಕ್ಕಿದ್ದಂತೆ ಊರು ಮುಗಿದು ಕಾಡು ಶುರು. ತೇಗ, ಮತ್ತಿ, ಹೊನ್ನೆ, ನಡುನಡುವೆ ಬಿದಿರು. ಎಡಗಡೆ ಮರಗಳ ಸಂದಿಯಲ್ಲಿ ಕಪಿಲೆಯ ಹಿನ್ನೀರು ಆಗೊಮ್ಮೆ ಈಗೊಮ್ಮೆ ಹೊಳೆಯುತ್ತದೆ. ಇದೇ ಕಾಕನಕೋಟೆ.

ಹೆಸರಿನಲ್ಲಿ ಕೋಟೆ ಇದೆ, ಹುಡುಕಿದರೆ ಕಲ್ಲಿನ ಗೋಡೆ ಸಿಗುವುದಿಲ್ಲ. ಈ ಹೆಸರನ್ನು ಕನ್ನಡಿಗರ ಬಾಯಲ್ಲಿ ನಿಲ್ಲಿಸಿದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಅವರ ‘ಕಾಕನಕೋಟೆ’ ನಾಟಕ 1977ರಲ್ಲಿ ಸಿ.ಆರ್. ಸಿಂಹ ಅವರ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ಅದಕ್ಕೂ ಮೊದಲು ಈ ಕಾಡು ಜಗತ್ತಿಗೆ ಗೊತ್ತಿದ್ದದ್ದು ಖೆಡ್ಡಾದಿಂದ. ಆನೆಯ ಹಿಂಡನ್ನು ಅಟ್ಟಿಸಿಕೊಂಡು ಬಂದು, ಹೊಳೆ ದಾಟಿಸಿ, ದಿಮ್ಮಿಗಳ ಆವರಣದೊಳಕ್ಕೆ ಕೂಡುವ ಆ ಕೆಲಸ ಇಲ್ಲಿ ಕೊನೆಯ ಬಾರಿ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದು, ಖೆಡ್ಡಾ ನಡೆದ ನೆಲದ ಮೇಲೆ ನೀರು ನಿಂತಿತು.

ಆನೆಯ ಜಾಡು ಹಿಡಿದು ಖೆಡ್ಡಾ ನಡೆಸಿಕೊಟ್ಟವರು ಜೇನುಕುರುಬರು, ಬೆಟ್ಟಕುರುಬರು. ಅವರ ಮೊಮ್ಮಕ್ಕಳು ಇಂದು ಇದೇ ರಸ್ತೆಯ ಆಚೀಚೆಯ ಹಾಡಿಗಳಲ್ಲಿದ್ದಾರೆ. ಕೆಲವರು ಬಳ್ಳೆ ಶಿಬಿರದಲ್ಲಿ ಮಾವುತರು, ಕಾವಾಡಿಗರು. 2012ರಿಂದ 2019ರವರೆಗೆ ದಸರೆಯಲ್ಲಿ ಅಂಬಾರಿ ಹೊತ್ತ ಅರ್ಜುನ ಇದ್ದದ್ದು ಈ ಬಳ್ಳೆಯಲ್ಲೇ. 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಯಸಳೂರಿನ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅವನು ತೀರಿಕೊಂಡ ದಿನ ನಮ್ಮ ತಾಲ್ಲೂಕಿನಲ್ಲಿ ಅನೇಕರು ಊಟ ಮಾಡಲಿಲ್ಲ. ಹಾಡಿಗಳ ಇನ್ನೂ ಹೆಚ್ಚು ಜನ ಕೆಲಸಕ್ಕೆ ಹೋಗುವುದು ಕೊಡಗಿನ ಕಾಫಿ ತೋಟಗಳಿಗೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈ ಸಲ ಫೆಬ್ರವರಿಯ ಒಂದು ಭಾನುವಾರ ನಾವು ಈ ದಾರಿಯಲ್ಲಿ ಹೊರಟದ್ದು ಆನೆ ನೋಡಲಿಕ್ಕಲ್ಲ, ಕಾಫಿ ನೋಡಲಿಕ್ಕೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ತನ್ನ ಉಳಿತಾಯದಲ್ಲಿ ನಮ್ಮ ಮನೆಗೊಂದು ಕಾಫಿ ಯಂತ್ರ ಕೊಡಿಸಬೇಕೆಂದು ಹಟ ಹಿಡಿದಿದ್ದಳು. ಸುಮ್ಮನೆ ಶೋಕಿಗಲ್ಲ. ಮೂವತ್ತು ವರ್ಷದಿಂದ ಬೆಳಗಿನ ಐದಕ್ಕೆ ಎದ್ದು ಡಿಕಾಕ್ಷನ್ ಇಳಿಸುತ್ತಿರುವುದು ಅವಳ ತಾಯಿ. ಈಗೀಗ ಆಕೆಗೆ ಮುಂಗೈ ನೋವು. ‘ಗುಂಡಿ ಒತ್ತಿದರೆ ಬೀಜ ಬೀಸಿ, ಕಾಫಿ ಇಳಿಸಿ ಕೊಡುವ ಯಂತ್ರ ಬಂದಿದೆಯಪ್ಪ, ಅಮ್ಮ ಇನ್ನೂ ಎಷ್ಟು ದಿನ ಒಲೆ ಮುಂದೆ ನಿಲ್ಲಬೇಕು?’ ಎಂದು ಅವಳ ವಾದ. ಯಂತ್ರದ ಬೆಲೆ ನಲವತ್ತು ಸಾವಿರದ ಮೇಲೆ. ‘ತಗೊಳ್ಳೋಣ ಪುಟ್ಟಿ, ಮೊದಲು ಅದು ಏನು ಮಾಡುತ್ತೆ ಅಂತ ತಿಳಿಯೋಣ’ ಎಂದೆ. ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ?

ಅಂತರಸಂತೆಯ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗಲೇ ಚರ್ಚೆ ಶುರುವಾಯಿತು. ನಮ್ಮ ಕಡೆ ‘ಎಸ್ಪ್ರೆಸೊ’ ಎಂದರೆ ಮದುವೆಮನೆಯ ನೆನಪು. ಹೊಳೆಯುವ ದೊಡ್ಡ ಹಂಡೆ, ಬುಸ್ಸೆನ್ನುವ ಹಬೆ, ನೊರೆನೊರೆ ಹಾಲು, ಮೇಲೊಂದಿಷ್ಟು ಪುಡಿಯ ಉದುರು. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಅದಕ್ಕೆ ಸಾಲು ನಿಂತವರಲ್ಲಿ ನಾನೂ ಒಬ್ಬ. ಆದರೆ ಅದು ನಿಜವಾದ ಎಸ್ಪ್ರೆಸೊ ಅಲ್ಲ. ಅಲ್ಲಿ ಹಬೆ ಹಾಲನ್ನು ಕಾಯಿಸಿ ನೊರೆ ಎಬ್ಬಿಸುತ್ತದೆ, ಅಷ್ಟೆ. ಕಾಫಿ ಬಾಟಲಿಯ ಇನ್‌ಸ್ಟಂಟ್ ಪುಡಿಯದು.

ನಿಜವಾದ ಎಸ್ಪ್ರೆಸೊ ಒತ್ತಡದ ಕೂಸು. ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಜೆರಾ ಅದನ್ನು ಒಂದೊಂದೇ ಬಟ್ಟಲು ಇಳಿಸುವಂತೆ ತಿದ್ದಿದ. ಬರೀ ಹಬೆಯಿಂದ ಸಿಗುವ ಒತ್ತಡ ಸಾಲದೆ, ಎರಡನೆಯ ಮಹಾಯುದ್ಧದ ನಂತರ ಅಕಿಲ್ಲೆ ಗಾಜಿಯಾ ಸನ್ನೆಯಿಂದ ನೀರನ್ನು ಒತ್ತುವ ಯಂತ್ರವನ್ನು ಮಾರುಕಟ್ಟೆಗೆ ತಂದ. 1961ರಲ್ಲಿ ಪಂಪು ಬಂತು. ಇಂದು ಮನೆಗೆ ಬರುವ ಯಂತ್ರಗಳಲ್ಲಿರುವುದೂ ಪಂಪೇ.

ಲೆಕ್ಕ ಹೀಗಿದೆ. ನುಣ್ಣಗೆ ಬೀಸಿದ 18 ಗ್ರಾಂ ಪುಡಿ, 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು, ಸುಮಾರು 9 ಬಾರ್ ಒತ್ತಡ. ಇಪ್ಪತ್ತೈದು ಮೂವತ್ತು ಸೆಕೆಂಡಿನಲ್ಲಿ 36 ಗ್ರಾಮಿನಷ್ಟು ಗಟ್ಟಿ ರಸ ಇಳಿಯಬೇಕು. 9 ಬಾರ್ ಎಂದರೆ ಎಷ್ಟು? ಹತ್ತು ಮೀಟರ್ ಎತ್ತರದ ನೀರು ತನ್ನ ತಳವನ್ನು ಒತ್ತುವುದು ಹೆಚ್ಚುಕಡಿಮೆ 1 ಬಾರಿನಷ್ಟು. ಹಾಗಾದರೆ 9 ಬಾರಿಗೆ ತೊಂಬತ್ತು ಮೀಟರ್ ನೀರು ಬೇಕು. ನಾಲ್ಕೈದು ಎತ್ತರದ ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಅಷ್ಟೆತ್ತರಕ್ಕೆ ನೀರು ತುಂಬಿಸಿದಂತೆ. ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರಿನಲ್ಲಿ ಹೊರಗಿನ ಗಾಳಿಗಿಂತ ಹೆಚ್ಚಿಗೆ ಇರುವ ಒತ್ತಡ ಸುಮಾರು 1 ಬಾರ್ ಮಾತ್ರ. ಹಿತ್ತಾಳೆಯ ಫಿಲ್ಟರಿನಲ್ಲಿ ಅದೂ ಇಲ್ಲ. ಅಲ್ಲಿ ಕೆಲಸ ಮಾಡುವುದು ಭೂಮಿಯ ಆಕರ್ಷಣೆ, ಜೊತೆಗೆ ಕಾಲ. ಒತ್ತಡ ಅರ್ಧ ನಿಮಿಷದಲ್ಲಿ ಮಾಡಿದ್ದನ್ನು ಫಿಲ್ಟರು ಅರ್ಧ ಗಂಟೆಯಲ್ಲಿ ತನ್ನದೇ ರೀತಿಯಲ್ಲಿ ಮಾಡುತ್ತದೆ.

ಜಾಹೀರಾತಿನಲ್ಲಿ ‘15 ಬಾರ್’, ‘20 ಬಾರ್’ ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ವಿದ್ಯಾರ್ಥಿಗಳು ಗಮನಿಸಬೇಕು. ಅದು ಪಂಪು ಕೊಡಬಲ್ಲ ಗರಿಷ್ಠ ಒತ್ತಡ. ಪುಡಿಯ ಮೇಲೆ ಬೇಕಾದದ್ದು 9ರ ಆಸುಪಾಸು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಕಾಫಿ ರುಚಿಯಾಗುವುದಿಲ್ಲ.

ಬಿಸಿಯ ವಿಚಾರದಲ್ಲಿ ಈ ದಾರಿಯೇ ಒಂದು ಪಾಠ. ಕಬಿನಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2284 ಅಡಿ, ಅಂದರೆ 696 ಮೀಟರ್. ಸುಮಾರು 300 ಮೀಟರ್ ಏರಿದರೆ ನೀರಿನ ಕುದಿಯುವ ಬಿಂದು 1 ಡಿಗ್ರಿ ಇಳಿಯುತ್ತದೆ. ಹಾಗಾಗಿ ಇಲ್ಲಿ ನೀರು ಕುದಿಯುವುದು 98 ಡಿಗ್ರಿಗೂ ಸ್ವಲ್ಪ ಕೆಳಗೆ, ಮಡಿಕೇರಿಯಲ್ಲಿ 96ರ ಹತ್ತಿರ. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಟ್ಟು ಫಿಲ್ಟರಿಗೆ ಹುಯ್ಯುವ ನಮ್ಮ ಹೆಂಗಸರ ಪದ್ಧತಿ ಯಂತ್ರದ ತಾಪಮಾನಕ್ಕೆ ಬಹಳ ದೂರವಿಲ್ಲ.

ಬಾವಲಿಯ ತಪಾಸಣಾ ಠಾಣೆ ದಾಟಿದರೆ ಕೇರಳ. ಕಾಡು ಮುಗಿದು ಕಾಟಿಕುಳಂ ಕಡೆ ಮನೆಗಳು ಸಿಗುತ್ತಿದ್ದಂತೆ ಕಾಫಿಯ ಕಣಗಳು ಕಾಣತೊಡಗುತ್ತವೆ. ಮನೆಯಂಗಳ, ತಾರಸಿ, ಟಾರ್ಪಾಲು, ಎಲ್ಲಿ ಬಿಸಿಲಿದೆಯೋ ಅಲ್ಲೆಲ್ಲ ಹಣ್ಣು. ಕೆಂಪು ಹಣ್ಣು ಬಿಸಿಲಿಗೆ ಕಪ್ಪಾಗಿ, ಅಲುಗಿಸಿದರೆ ಗಿಲಕಿಯಂತೆ ಸದ್ದು ಮಾಡುವಷ್ಟು ಒಣಗಬೇಕು. ಐದಾರು ಕಿಲೋ ಹಣ್ಣಿಗೆ ಸಿಗುವುದು ಒಂದು ಕಿಲೋ ಬೀಜ. ಹುರಿದಾಗ ಅದರಲ್ಲೂ ಆರೇಳನೆಯ ಒಂದು ಪಾಲು ಹಾರಿಹೋಗುತ್ತದೆ.

ಇಲ್ಲಿನದು ರೊಬಸ್ಟಾ. 2019ರಲ್ಲಿ ವಯನಾಡ್ ರೊಬಸ್ಟಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದೇ ವರ್ಷ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೂ ಸಿಕ್ಕಿತು. ಜೀವಶಾಸ್ತ್ರ ಓದುವವರಿಗೆ ಒಂದು ಸ್ವಾರಸ್ಯ: ರೊಬಸ್ಟಾದ ಜೀವಕೋಶದಲ್ಲಿ 22 ವರ್ಣತಂತುಗಳು, ಅರೇಬಿಕಾದಲ್ಲಿ 44. ಬಹಳ ಹಿಂದೆ ರೊಬಸ್ಟಾ ಇನ್ನೊಂದು ಕಾಡುಕಾಫಿಯೊಡನೆ ತಾನೇ ತಾನಾಗಿ ಕೂಡಿ ಹುಟ್ಟಿದ್ದು ಅರೇಬಿಕಾ. ರೊಬಸ್ಟಾದಲ್ಲಿ ಕೆಫೀನ್ ಹೆಚ್ಚು, ಕಹಿಯೂ ಹೆಚ್ಚು. ಎಸ್ಪ್ರೆಸೊದ ಮೇಲೆ ನಿಲ್ಲುವ ಕಂದು ನೊರೆ ಅದರಿಂದ ಚೆನ್ನಾಗಿ ಬರುತ್ತದೆ. ಹುರಿದ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈ ಆಕ್ಸೈಡು ಒತ್ತಡದಲ್ಲಿ ರಸಕ್ಕೆ ಸೇರಿ, ಬಟ್ಟಲಿಗೆ ಬಿದ್ದೊಡನೆ ನೊರೆಯಾಗಿ ಏಳುತ್ತದೆ. ಭಾರತದ ಕಾಫಿಯನ್ನು ಕೊಳ್ಳುವ ದೇಶಗಳಲ್ಲಿ ಇಟಲಿ ಬಹುಕಾಲದಿಂದ ಮುಂದಿದೆ. ಅದು ಕೊಳ್ಳುವುದರಲ್ಲಿ ರೊಬಸ್ಟಾದ ಪಾಲು ದೊಡ್ಡದು. ಇಟಲಿಯ ಯಂತ್ರಕ್ಕೆ ನಮ್ಮ ನೆರೆಹೊರೆಯ ಬೀಜ!

ಕಣದ ಬದಿಯಲ್ಲಿ ನಿಂತೇ ನಮ್ಮ ಆಯ್ಕೆಯ ಪಟ್ಟಿ ಮಾಡಿದೆವು. ಪೋಷಕರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ.

ಮೊದಲನೆಯದು ವಿದ್ಯುತ್ತು. ಇಂಥ ಯಂತ್ರಗಳು ಸಾಮಾನ್ಯವಾಗಿ 1300ರಿಂದ 1500 ವಾಟ್ ಎಳೆಯುತ್ತವೆ. 1500ನ್ನು 230 ವೋಲ್ಟಿನಿಂದ ಭಾಗಿಸಿ, ಆರೂವರೆ ಆಂಪಿಯರ್ ಬರುತ್ತದೆ. ಗೋಡೆಯ ಸಣ್ಣ ಪ್ಲಗ್ಗು ಇರುವುದು 6 ಆಂಪಿಯರಿಗೆ. ಆದ್ದರಿಂದ ಗೀಸರಿಗೆ ಹಾಕುವಂಥ 16 ಆಂಪಿಯರಿನ ಪ್ಲಗ್ಗು ಅಡುಗೆಮನೆಯಲ್ಲಿ ಬೇಕು. ಮನೆಯ ಸಾಧಾರಣ ಇನ್ವರ್ಟರು ಇದನ್ನು ಹೊರುವುದಿಲ್ಲ. ಬಿಲ್ಲಿನ ಭಯ ಬೇಡ, ದಿನಕ್ಕೆ ಕಾಲು, ಅರ್ಧ ಯೂನಿಟ್ಟು ಮುಗಿಯಿತು. ಆದರೆ ಕರೆಂಟು ಹೋಗಿಬರುವ ಊರಿನಲ್ಲಿ ಫಿಲ್ಟರನ್ನು ಅಟ್ಟಕ್ಕೆ ಹಾಕಬೇಡಿ.

ಎರಡನೆಯದು ನೀರು. ನಮ್ಮ ಕಡೆಯ ಕೊಳವೆಬಾವಿಯ ನೀರು ಹಲವೆಡೆ ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾದಾಗ ಕಾರ್ಬೊನೇಟಾಗಿ ಬಿಳಿಯ ಪೊರೆ ಕಟ್ಟುತ್ತದೆ. ಪಾತ್ರೆಯಲ್ಲಾದರೆ ಹುಣಸೆಹಣ್ಣು ಹಾಕಿ ಉಜ್ಜಬಹುದು. ಯಂತ್ರದ ಸಣ್ಣ ಕೊಳವೆಯಲ್ಲಿ ಪೊರೆ ಕಟ್ಟಿದರೆ ಪಂಪು ಏದುಸಿರು ಬಿಡುತ್ತದೆ. ಸೋಪು ನೊರೆ ಬರದ ನೀರನ್ನು ಯಂತ್ರಕ್ಕೆ ಹುಯ್ಯಬಾರದು. ಎಂಥ ನೀರಾದರೂ ತಯಾರಕರು ಹೇಳಿದ ಅವಧಿಗೊಮ್ಮೆ ಪೊರೆ ಕರಗಿಸುವ ದ್ರಾವಣ ಹಾಯಿಸಬೇಕು. ಹುಣಸೆಯಂತೆ ಅಲ್ಲಿಯೂ ಕೆಲಸ ಮಾಡುವುದು ಆಮ್ಲವೇ.

ಮೂರನೆಯದು ಬೀಸುವುದು. ಯಂತ್ರಗಳಲ್ಲಿ ಎರಡು ಬಗೆ. ಒಂದರಲ್ಲಿ ಪುಡಿಯನ್ನು ನಾವೇ ಬೀಸಿ, ಹಿಡಿಕೆಯಿರುವ ಜರಡಿಗೆ ತುಂಬಿ, ಒತ್ತಿ, ಸಿಕ್ಕಿಸಬೇಕು. ಹತ್ತು ಸಾವಿರದ ಆಸುಪಾಸಿನಿಂದ ಸಿಗುತ್ತದೆ. ಇನ್ನೊಂದು ‘ಬೀನ್ ಟು ಕಪ್’, ಬೀಜ ಸುರಿದರೆ ಮಿಕ್ಕದ್ದೆಲ್ಲ ಅದರದ್ದೇ. ಮೊದಲ ಬಗೆಯಲ್ಲಿ ರುಚಿಯನ್ನು ನಿರ್ಧರಿಸುವುದು ಯಂತ್ರಕ್ಕಿಂತ ಹೆಚ್ಚಾಗಿ ಬೀಸುವ ಗ್ರೈಂಡರು. ಪುಡಿ ದಪ್ಪವಾದರೆ ನೀರು ಹಾಗೇ ಹರಿದು ರಸ ಹುಳಿ, ತೆಳು. ತೀರ ನುಣುಪಾದರೆ ಕಟ್ಟಿಕೊಂಡು ಕಹಿ. ಮಿಕ್ಸಿಯ ಬ್ಲೇಡು ಬೀಜವನ್ನು ಒಡೆಯುತ್ತದೆಯೇ ಹೊರತು ಒಂದೇ ಸಮ ಬೀಸುವುದಿಲ್ಲ. ಹಣ ಮಿತವಾಗಿದ್ದರೆ ಯಂತ್ರದಲ್ಲಿ ಉಳಿಸಿ ಗ್ರೈಂಡರಿಗೆ ಹಾಕುವುದು ಲೇಸು.

ನಾಲ್ಕನೆಯದು ಚಿಕೋರಿ. ನಮ್ಮ ನಾಲಿಗೆಗೆ ಅಭ್ಯಾಸವಾಗಿರುವುದು ಚಿಕೋರಿ ಬೆರೆತ ಪುಡಿ. ಕಾನೂನಿನ ಪ್ರಕಾರ ಅಂಥ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು. ಚಿಕೋರಿ ಒಂದು ಬೇರು, ಬೀಜವಲ್ಲ. ಅದನ್ನು ಬೀನ್ ಟು ಕಪ್ ಯಂತ್ರದ ಬೀಜದ ಡಬ್ಬಿಗೆ ಹಾಕುವಂತಿಲ್ಲ. ಎಣ್ಣೆ ಜಿನುಗುವಷ್ಟು ಕಪ್ಪಗೆ ಹುರಿದ ಬೀಜವೂ ಅದರ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಹೊಸ ಯಂತ್ರ ಬಂದರೆ ಹಳೆಯ ರುಚಿ ಬಿಡಬೇಕಾಗುತ್ತದೆ ಎನ್ನುವುದನ್ನು ಮನೆಯ ಹಿರಿಯರಿಗೆ ಮೊದಲೇ ಹೇಳಿಬಿಡಬೇಕು.

ಐದನೆಯದು ತಲೆಲೆಕ್ಕ. ಯಂತ್ರ ಒಂದು ಬಟ್ಟಲಿಗೆ ಸುಮಾರು 9 ಗ್ರಾಂ ಬೀಜ ಬಳಸುತ್ತದೆಂದು ಹಿಡಿಯಿರಿ. ನಾಲ್ವರು, ದಿನಕ್ಕೆರಡು ಸಲ ಎಂದರೆ 72 ಗ್ರಾಂ, ತಿಂಗಳಿಗೆ 2 ಕಿಲೋಗೂ ಮಿಕ್ಕಿ. ಡಿಕಾಕ್ಷನ್ನಿಗೆ ಹಾಲು ಬೆರೆಸಿ ಕುಡಿಯುವ ಮನೆಯ ಖರ್ಚು ಇದಕ್ಕಿಂತ ಕಡಿಮೆ. ಹಬ್ಬದ ದಿನ ಹತ್ತು ಜನ ಬಂದರೆ ಯಂತ್ರದ ಮುಂದೆ ಸಾಲು ನಿಲ್ಲಬೇಕು. ಫಿಲ್ಟರಿನ ಡಿಕಾಕ್ಷನ್ ಹತ್ತು ಜನಕ್ಕೂ ಒಂದೇ ಸಲ.

ಮಗಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ‘ಅಪ್ಪ, ನೀವು ಪ್ಲಗ್ಗು, ನೀರು, ಗ್ರಾಂ ಎಲ್ಲ ಲೆಕ್ಕ ಹಾಕಿದ್ರಿ. ಅಮ್ಮನ ಕೈ ಲೆಕ್ಕದಲ್ಲಿ ಬರಲೇ ಇಲ್ಲ’ ಎಂದಳು. ಉತ್ತರ ಕೊಟ್ಟದ್ದು ಅವಳ ತಾಯಿ. ‘ನಂಗೆ ಯಂತ್ರ ಬೇಡ ಅಂತಲ್ಲ ಕಣೇ. ಅದರ ಗಸಿ ಡಬ್ಬಿ ದಿನಾ ಚೆಲ್ಲಬೇಕು, ಒಳಗಿನ ಭಾಗ ವಾರಕ್ಕೊಂದ್ಸಲ ತೆಗೆದು ತೊಳೀಬೇಕು, ಹಾಲಿನ ನಳಿಕೆ ಪ್ರತಿಸಲ ಒರೆಸಬೇಕು ಅಂತ ನೀನೇ ಓದಿ ಹೇಳ್ದೆ. ಅದನ್ನೆಲ್ಲ ಮಾಡೋರು ಯಾರು?’

ಕಣದಲ್ಲಿ ಹಣ್ಣು ಹರವುತ್ತಿದ್ದ ಹೆಂಗಸಿಗೆ ಕನ್ನಡ ಬರುತ್ತಿತ್ತೋ ಏನೋ, ತಲೆ ತಗ್ಗಿಸಿ ನಕ್ಕರು.

ಪ್ರಶ್ನೆ ನ್ಯಾಯವಾದದ್ದು. ಮಳೆಗಾಲದಲ್ಲಿ ಒದ್ದೆ ಗಸಿಯನ್ನು ಎರಡು ದಿನ ಯಂತ್ರದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ರಿಪೇರಿಗೆ ನಮ್ಮೂರಿನಿಂದ ಮೈಸೂರಿಗೆ ಐವತ್ತು ಕಿಲೋಮೀಟರ್. ಯಂತ್ರವನ್ನು ಯಾರು ತೊಳೆಯುತ್ತಾರೋ ಅವರೇ ಅದನ್ನು ಆರಿಸಬೇಕು ಎಂದು ಮೂವರೂ ಒಪ್ಪಿದೆವು. ತೀರ್ಮಾನ ಹೀಗಾಯಿತು. ಬೆಂಗಳೂರಿನಲ್ಲಿ ಮಗಳು ಮತ್ತು ಅವಳ ಗೆಳತಿಯರಿಗೆ ಹಿಡಿಕೆ ಜರಡಿಯ ಸಣ್ಣ ಪಂಪು ಯಂತ್ರ. ಊರಿನ ಮನೆಗೆ ವಿದ್ಯುತ್ತಿನ ಒಳ್ಳೆಯ ಗ್ರೈಂಡರು. ಬೀಜ ಕಾಲು ಕಿಲೋಗಿಂತ ಹೆಚ್ಚು ತರುವುದಿಲ್ಲ, ಅಂದಂದಿಗೆ ಬೀಸಿ ಫಿಲ್ಟರಿಗೆ. ಬೆಳಗಿನ ಐದರ ಕಾಫಿ ಇನ್ನು ಮೇಲೆ ನನ್ನ ಪಾಲು. ಗ್ರೈಂಡರಿನ ಬೆಲೆಗಿಂತ ಈ ಕೊನೆಯ ಕಲಮು ನನ್ನ ಹೆಂಡತಿಗೆ ಹೆಚ್ಚು ಹಿಡಿಸಿದಂತೆ ಕಂಡಿತು.

ಹಿಂದಿರುಗುವಾಗ ಬಾವಲಿಯನ್ನು ನಾಲ್ಕು ಗಂಟೆಗೇ ದಾಟಿದೆವು. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಈ ಕಾಡಿನ ರಸ್ತೆಯಲ್ಲಿ ವಾಹನ ಸಂಚಾರವಿಲ್ಲ. ಬಳ್ಳೆಯ ಹತ್ತಿರ ಒಂದು ತಾಯಾನೆ, ಅದರ ಕಾಲ ಸಂದಿಯಲ್ಲಿ ಮರಿ. ನಿಲ್ಲಿಸದೆ, ಹಾರನ್ನು ಮಾಡದೆ ಮುಂದೆ ಬಂದೆವು.

ಈಗ ಮೊದಲು ಬಿಟ್ಟ ಮಾತು. ಕಾಫಿಗೂ ನಮ್ಮ ಸೀಮೆಗೂ ಸಂಬಂಧ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹುಣಸೂರಿನಲ್ಲಿ ಕಾಫಿ ಸಂಸ್ಕರಿಸುವ ದೊಡ್ಡ ಕೆಲಸಮನೆಗಳಿದ್ದುದನ್ನು ಗೆಜೆಟಿಯರುಗಳು ದಾಖಲಿಸಿವೆ. ಕೊಡಗಿನ ಬೀಜ ಗಾಡಿಗಳಲ್ಲಿ ಇಳಿದು ಬರುತ್ತಿತ್ತು. ಈಗ ಬೀಜ ಬರುವ ಬದಲು ಇಲ್ಲಿಂದ ಜನ ಹೋಗುತ್ತಾರೆ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳಿಂದ ಬೆಳಗಿನ ಕತ್ತಲಲ್ಲೇ ಜೀಪುಗಳು ತೋಟಗಳ ಕಡೆ ಹೊರಡುತ್ತವೆ. ಕೆಲವರು ತೋಟದ ಲೈನ್ ಮನೆಗಳಲ್ಲೇ ತಿಂಗಳುಗಟ್ಟಲೆ ಉಳಿಯುತ್ತಾರೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚಿ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ತಯಾರಿಯೂ ಅದೇ ತಿಂಗಳುಗಳಲ್ಲಿ. ಅಪ್ಪ ಅಮ್ಮ ತೋಟಕ್ಕೆ ಹೋದರೆ ಮಕ್ಕಳೂ ಹೋಗುತ್ತಾರೆ, ಇಲ್ಲವೇ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಜನವರಿಯ ಪುಟ ನೋಡಿದರೆ ಸಾಕು, ಕೊಡಗಿನಲ್ಲಿ ಹಣ್ಣಾಗಿದೆಯೋ ಇಲ್ಲವೋ ಹೇಳಬಲ್ಲೆ.

ಮರುದಿನ ಹತ್ತನೆಯ ತರಗತಿಯಲ್ಲಿ ಗಡಸು ನೀರಿನ ಪಾಠ ಪುನರಾವರ್ತನೆ ಮಾಡುವಾಗ ಕಾಫಿ ಯಂತ್ರದ ಉದಾಹರಣೆ ಕೊಟ್ಟೆ. ಬೀಜ ಒಣಗಿದೆಯೆಂದು ತಿಳಿಯುವುದು ಹೇಗೆ ಎಂದು ಕೇಳಿದಾಗ, ಎರಡು ವಾರದ ಮೇಲೆ ಅಂದೇ ಶಾಲೆಗೆ ಬಂದಿದ್ದ ಹಾಡಿಯ ಹುಡುಗನೊಬ್ಬ ಎದ್ದುನಿಂತ. ‘ಹಲ್ಲಲ್ಲಿ ಕಚ್ಚಿದ್ರೆ ಗುರುತು ಬೀಳಬಾರ್ದು ಸಾ’ ಎಂದ. ಆ ದಿನ ತರಗತಿಯಲ್ಲಿ ಅವನಿಗಿಂತ ಕಾಫಿ ಬಲ್ಲವರು ಇರಲಿಲ್ಲ, ನನ್ನನ್ನೂ ಸೇರಿಸಿ. ಆದರೆ ಪ್ರಶ್ನೆಪತ್ರಿಕೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಅವನು ತಪ್ಪಿಸಿಕೊಂಡ ಎರಡು ವಾರದ ಪಾಠವನ್ನು ಸಂಜೆ ಶಾಲೆ ಬಿಟ್ಟ ಮೇಲೆ ಮಾಡುತ್ತಿದ್ದೇವೆ. ಅವನ ಜೊತೆ ಇನ್ನೂ ನಾಲ್ವರಿದ್ದಾರೆ.

ಕಾಕನಕೋಟೆಗೆ ಹೋಗುವವರು ಬೆಳಿಗ್ಗೆ ಬೇಗ ಹೊರಡಿ. ಹ್ಯಾಂಡ್‌ಪೋಸ್ಟಿನಲ್ಲಿ ತಿಂಡಿ ಸಿಗುತ್ತದೆ. ಸಫಾರಿ ಹೊರಡುವುದು ದಮ್ಮನಕಟ್ಟೆಯಿಂದ. ಕಾಡಿನೊಳಗೆ ವಾಹನ ನಿಲ್ಲಿಸಬಾರದು, ಪ್ಲಾಸ್ಟಿಕ್ ಎಸೆಯಬಾರದು. ಮಕ್ಕಳನ್ನು ಕರೆದುಕೊಂಡು ಫೆಬ್ರವರಿಯಲ್ಲಿ ಹೋದರೆ ಬಾವಲಿಯ ಆಚೆ ಕಾಫಿ ಕಣ ತೋರಿಸಬಹುದು. ಕಣದವರನ್ನು ಕೇಳಿಕೊಂಡು, ಒಂದು ಒಣಹಣ್ಣನ್ನು ಅವರ ಕೈಯಲ್ಲೇ ಒಡೆಸಿ ನೋಡಿ.